ಲಿಟಲ್ ರಾಕ್ ಸೆಂಟ್ರಲ್ ಹೈಸ್ಕೂಲ್: ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಬಿಡಬಾರದು

ಸಂಪಿಗೆಮರ

ಡಲ್ಲಾಸ್ ಸುತ್ತಮುತ್ತಲಿನ ನಾಲ್ಕೈದು ಕನ್ನಡ ಕುಟುಂಬಗಳು ನವೆಂಬರ್ ಕೊನೆಯ ವಾರದ ರಜೆಯಲ್ಲಿ ಆರ್ಕನ್ಸಾ ರಾಜ್ಯದ ಲಿಟಲ್ ರಾಕ್‌ಗೆ ಹೊರಟಿವೆ. ಮುಖ್ಯವಾಗಿ ನೋಡಬೇಕಾದ್ದು ಸೆಂಟ್ರಲ್ ಹೈಸ್ಕೂಲ್, ಬಿಳಿಯರಿಗೆ ಮಾತ್ರ ಇದ್ದ ಆ ಶಾಲೆಗೆ 1957ರಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಮೊದಲ ಬಾರಿಗೆ ಸೇರಲು ಹೋದಾಗ ನಡೆದದ್ದಕ್ಕೆ ಹೆಸರಾದ ಜಾಗ. ಜೊತೆಗೆ 9ರಿಂದ 15 ವರ್ಷದ ಮಕ್ಕಳಿದ್ದಾರೆ. ಶಾಲೆಯ ಒಳಗೆ ಬಿಡುತ್ತಾರಾ? ಎಷ್ಟು ಹೊತ್ತು ಬೇಕು? ಎಲ್ಲಿಂದ ಶುರು ಮಾಡಿದರೆ ಮಕ್ಕಳ ತಲೆಯಲ್ಲಿ ಘಟನೆಗಳು ಸರಿಯಾಗಿ ಕೂರುತ್ತವೆ? ಹೊರಡುವ ಮೊದಲೇ ಅವರಿಗೆ ಏನೇನು ಹೇಳಿರಬೇಕು? ಗೊತ್ತಿರುವವರು ವಿವರವಾಗಿ ತಿಳಿಸಿ.

ಕೂಡುರಸ್ತೆ

ಮೊದಲನೆಯದು, ಅದು ಈಗಲೂ ದಿನನಿತ್ಯ ಪಾಠ ನಡೆಯುವ ಶಾಲೆ. 1998ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಕೇಂದ್ರ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್‌ನವರು ಎದುರಿನ ವಿಸಿಟರ್ ಸೆಂಟರ್ ನಡೆಸುತ್ತಾರೆ, ಶಾಲೆಯನ್ನು ನಡೆಸುವವರು ಊರಿನ ಶಾಲಾ ಆಡಳಿತದವರು. ಹಾಗಾಗಿ ಬಾಗಿಲು ತಳ್ಳಿಕೊಂಡು ಒಳಗೆ ಹೋಗುವ ಹಾಗಿಲ್ಲ. ಒಳಗೆ ನೋಡಬೇಕೆಂದರೆ ಅವರ ಸಿಬ್ಬಂದಿಯಾದ ರೇಂಜರ್ ಜೊತೆಗೇ ಹೋಗಬೇಕು, ಅದನ್ನು ಮೊದಲೇ ಕಾಯ್ದಿರಿಸಬೇಕು. ನಿಮ್ಮದು ಹತ್ತು ಹದಿನೈದು ಜನರ ಗುಂಪು, ಎಷ್ಟು ಬೇಗ ಕೇಳಿದರೆ ಅಷ್ಟು ಒಳ್ಳೆಯದು.

ನಿಮ್ಮ ಯೋಜನೆಯ ತೊಡಕು ಇರುವುದೂ ಅಲ್ಲೇ. ಥ್ಯಾಂಕ್ಸ್‌ಗಿವಿಂಗ್ ದಿನ ವಿಸಿಟರ್ ಸೆಂಟರ್ ಮುಚ್ಚಿರುತ್ತದೆ. ಆ ವಾರ ಶಾಲೆಗೂ ರಜೆ ಬರುವುದರಿಂದ ಒಳಗಿನ ಪ್ರವಾಸವನ್ನು ನಂಬಿಕೊಂಡು ಐದು ಗಂಟೆ ಕಾರು ಓಡಿಸಬೇಡಿ. ಫೋನ್ ಮಾಡಿ, ವಾರದ ಯಾವ ದಿನ ತೆರೆದಿರುತ್ತದೆ ಎಂಬುದನ್ನೂ ಕೇಳಿಕೊಂಡು ತಾರೀಕು ಗೊತ್ತು ಮಾಡಿ. ಪ್ರವೇಶ ಶುಲ್ಕ ಇಲ್ಲ.

ಈಗ ಕ್ರಮ. ಜಿಪಿಎಸ್‌ನಲ್ಲಿ ಶಾಲೆಯ ಹೆಸರು ಹಾಕಿದರೆ ಪಾರ್ಕ್ ಸ್ಟ್ರೀಟ್‌ನಲ್ಲಿ ಶಾಲೆಯ ಮುಂಬಾಗಿಲಿಗೆ ಒಯ್ದು ನಿಲ್ಲಿಸುತ್ತದೆ. ಬೆಳಿಗ್ಗೆ ಮಕ್ಕಳನ್ನು ಬಿಡುವ ಹೊತ್ತು, ಮಧ್ಯಾಹ್ನ ಶಾಲೆ ಬಿಡುವ ಹೊತ್ತು ಅಲ್ಲಿ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಡೇಸಿ ಬೇಟ್ಸ್ ಡ್ರೈವ್ ಕಡೆಯಿಂದ ವಿಸಿಟರ್ ಸೆಂಟರ್‌ಗೆ ಬನ್ನಿ. ಆ ರಸ್ತೆಗೆ 1957ರಲ್ಲಿ 14ನೇ ಸ್ಟ್ರೀಟ್ ಎಂದು ಹೆಸರು. ಇದನ್ನು ಗುರುತಿಟ್ಟುಕೊಳ್ಳಿ, ಇಲ್ಲದಿದ್ದರೆ ಹಳೆಯ ವರದಿಗಳಲ್ಲಿ ಬರುವ ಜಾಗಗಳನ್ನು ಇವತ್ತಿನ ನಕ್ಷೆಯ ಮೇಲೆ ಹೊಂದಿಸಲು ಆಗುವುದಿಲ್ಲ.

ಸೆಂಟರ್‌ನಲ್ಲಿ ಕನಿಷ್ಠ ಒಂದು ಗಂಟೆ ಕೊಡಿ. ಅಲ್ಲಿ ಚಿತ್ರಗಳು, ಆ ಕಾಲದ ಸುದ್ದಿ ತುಣುಕುಗಳು, ಒಂಬತ್ತು ಜನರ ದನಿಯಲ್ಲೇ ಕೇಳಬಹುದಾದ ನೆನಪುಗಳು ಇವೆ. ಅದಾದ ಮೇಲೆ ಹೊರಗೆ ಬಂದು ಕೂಡುರಸ್ತೆಯಲ್ಲಿರುವ ಹಳೆಯ ಮ್ಯಾಗ್ನೋಲಿಯಾ ಮೊಬಿಲ್ ಪೆಟ್ರೋಲ್ ಬಂಕ್ ನೋಡಿ. ಪತ್ರಕರ್ತರು ಸುದ್ದಿ ಕಳಿಸಲು ಬಳಸಿದ್ದು ಇಲ್ಲಿನ ಫೋನನ್ನು. ಅದನ್ನು 1957ರ ರೂಪಕ್ಕೇ ತಂದು ಇಟ್ಟಿದ್ದಾರೆ. ಈಗಿನ ಸೆಂಟರ್ 2007ರಲ್ಲಿ ತೆರೆಯುವವರೆಗೆ ಈ ಬಂಕೇ ವಿಸಿಟರ್ ಸೆಂಟರ್ ಆಗಿತ್ತು.

ಮುಂದಿನದು ನಡಿಗೆ, ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ಪಾರ್ಕ್ ಸ್ಟ್ರೀಟ್ ಮತ್ತು 12ನೇ ಸ್ಟ್ರೀಟ್ ಸೇರುವಲ್ಲಿಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ನಡೆಯಿರಿ. 1957ರ ಸೆಪ್ಟೆಂಬರ್ 4ರ ಬೆಳಿಗ್ಗೆ 15 ವರ್ಷದ ಎಲಿಜಬೆತ್ ಎಕ್‌ಫರ್ಡ್ ಬಸ್ ಇಳಿದು ನಡೆದ ದಾರಿ ಇದು. 14ನೇ ಸ್ಟ್ರೀಟ್ ಮೂಲೆಯಲ್ಲಿ ರಾಜ್ಯದ ನ್ಯಾಷನಲ್ ಗಾರ್ಡ್ ಸೈನಿಕರು ಆಕೆಯನ್ನು ಒಳಗೆ ಬಿಡಲಿಲ್ಲ. ಬಿಳಿಯ ವಿದ್ಯಾರ್ಥಿಗಳು ಅದೇ ಸಾಲಿನ ನಡುವೆ ಒಳಗೆ ಹೋಗುತ್ತಿದ್ದರು. ಆಕೆ ಮುಂದಕ್ಕೆ ನಡೆದು ಇನ್ನೊಂದು ಕಡೆ ಪ್ರಯತ್ನಿಸಿದಾಗಲೂ ತಡೆದರು. ಹಿಂದೆ ಗುಂಪು ಕೂಗುತ್ತಿರುವಾಗ 16ನೇ ಸ್ಟ್ರೀಟ್‌ನ ಬಸ್ ನಿಲ್ದಾಣದವರೆಗೆ ನಡೆದು ಬೆಂಚಿನ ಮೇಲೆ ಕುಳಿತರು. ಆ ಬೆಂಚಿನ ಪ್ರತಿಕೃತಿಯನ್ನು 2018ರಲ್ಲಿ ಇಟ್ಟಿದ್ದಾರೆ. 14ರಿಂದ 16ರವರೆಗೆ ಶಾಲೆಯ ಮುಂಭಾಗದ ಉದ್ದಕ್ಕೆ ನಡೆಯಲು ಐದು ನಿಮಿಷ ಸಾಕು. ಮಕ್ಕಳನ್ನು ಮಾತಿಲ್ಲದೆ ನಡೆಸಿ, ಬೆಂಚಿನ ಹತ್ತಿರ ನಿಂತು ಮಾತಾಡಿ.

ನಡೆಯುವಾಗ ಸಾರ್ವಜನಿಕ ಕಾಲುದಾರಿಯಲ್ಲೇ ಇರಿ. ಶಾಲೆಯ ಮಕ್ಕಳ ಫೋಟೋ ತೆಗೆಯಬೇಡಿ. ನಮ್ಮವರ ಗುಂಪುಗಳು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳಲು ಹೊರಡುತ್ತವೆ. ಶಾಲೆ ನಡೆಯುವ ಹೊತ್ತಿನಲ್ಲಿ ಅದು ಬೇಡ.

ಒಳಗಿನ ಪ್ರವಾಸ ಬಿಟ್ಟು ಒಟ್ಟು ಮೂರು ಗಂಟೆ ಇಟ್ಟುಕೊಳ್ಳಿ.

ನೀಲಿಶಾಯಿ

ಆಕೆ ಒಬ್ಬಳೇ ಯಾಕೆ ಬಂದಳು ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಎಕ್‌ಫರ್ಡ್ ಮನೆಯಲ್ಲಿ ಫೋನ್ ಇರಲಿಲ್ಲ. ಎಲ್ಲರೂ ಒಂದೆಡೆ ಸೇರಿ ಒಟ್ಟಿಗೆ ಹೋಗೋಣ ಎಂಬ ಸುದ್ದಿ ಆ ಮನೆಗೆ ತಲುಪಲಿಲ್ಲ. ಗುಂಪನ್ನು ಜೋಡಿಸುತ್ತಿದ್ದವರು ಡೇಸಿ ಬೇಟ್ಸ್, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಆರ್ಕನ್ಸಾ ಅಧ್ಯಕ್ಷೆ, ಪತಿಯೊಂದಿಗೆ ಪತ್ರಿಕೆ ನಡೆಸುತ್ತಿದ್ದವರು. ಆ ದಿನ ಉಳಿದವರನ್ನೂ ಒಳಗೆ ಬಿಡಲಿಲ್ಲ.

ಫೋಟೋಗಳ ವಿಷಯದಲ್ಲಿ ಒಂದು ಎಚ್ಚರಿಕೆ. ವಾಟ್ಸಾಪ್‌ನಲ್ಲಿ ಹರಿದಾಡುವ ಅರ್ಧಕ್ಕರ್ಧ ಬರಹಗಳು ಎರಡು ಬೇರೆ ಬೇರೆ ಸೈನ್ಯಗಳನ್ನು ಬೆರೆಸಿಬಿಡುತ್ತವೆ. ಸೆಪ್ಟೆಂಬರ್ 4ರ ಚಿತ್ರಗಳಲ್ಲಿರುವುದು ರಾಜ್ಯದ ನ್ಯಾಷನಲ್ ಗಾರ್ಡ್. ಗವರ್ನರ್ ಓರ್ವಲ್ ಫಾಬಸ್ ಮಕ್ಕಳನ್ನು *ತಡೆಯಲು* ನಿಲ್ಲಿಸಿದ್ದು ಇವರನ್ನು. ಕಪ್ಪು ಕನ್ನಡಕದ ಹುಡುಗಿ, ಹಿಂದೆ ಬಾಯಿ ತೆರೆದು ಕೂಗುತ್ತಿರುವ ಬಿಳಿಯ ಹುಡುಗಿ, ವಿಲ್ ಕೌಂಟ್ಸ್ ತೆಗೆದ ಆ ಪ್ರಸಿದ್ಧ ಚಿತ್ರವೂ ಆ ದಿನದ್ದೇ. ಸೆಪ್ಟೆಂಬರ್ 25ರ ಚಿತ್ರಗಳಲ್ಲಿ ಮಕ್ಕಳನ್ನು ನಡುವೆ ಇಟ್ಟುಕೊಂಡು ಮೆಟ್ಟಿಲು ಹತ್ತಿಸುತ್ತಿರುವವರು ಕೇಂದ್ರ ಸರ್ಕಾರದ 101ನೇ ಏರ್‌ಬೋರ್ನ್ ಡಿವಿಷನ್‌ನವರು. ತೋಳಿನ ಮೇಲೆ ಹದ್ದಿನ ತಲೆಯ ಪಟ್ಟಿ ಇದ್ದರೆ ಅದು 101. ಸೆಂಟರ್‌ನಲ್ಲಿ ಚಿತ್ರ ನೋಡುವಾಗ ಮಕ್ಕಳಿಗೆ ಇದನ್ನೇ ಹುಡುಕಲು ಹೇಳಿ, ಯಾವ ದಿನದ ಚಿತ್ರ ಎಂದು ಅವರೇ ಹೇಳುತ್ತಾರೆ.

ಕಟಕಟೆ

ನಡುವಿನ ಮೂರು ವಾರಗಳ ದಿನಾಂಕ ಸರಿಯಾಗಿ ಗೊತ್ತಿದ್ದರೆ ಉಳಿದದ್ದು ಸುಲಭ. ಸೆಪ್ಟೆಂಬರ್ 14ಕ್ಕೆ ಅಧ್ಯಕ್ಷ ಐಸೆನ್‌ಹೋವರ್ ಗವರ್ನರ್‌ರನ್ನು ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಲ್ಲಿ ಕರೆಸಿ ಮಾತಾಡಿದರು. 20ಕ್ಕೆ ಫೆಡರಲ್ ನ್ಯಾಯಾಧೀಶ ರೊನಾಲ್ಡ್ ಡೇವಿಸ್ ತಡೆಯಾಜ್ಞೆ ಕೊಟ್ಟರು, ಗವರ್ನರ್ ಗಾರ್ಡ್ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡರು. 23ಕ್ಕೆ ಒಂಬತ್ತೂ ಜನ ಪಕ್ಕದ ಬಾಗಿಲಿನಿಂದ ಒಳಗೆ ಹೋದರು. ಹೊರಗೆ ಸಾವಿರಕ್ಕೂ ಮಿಕ್ಕಿದ ಗುಂಪು. ಕಪ್ಪು ಪತ್ರಕರ್ತ ಅಲೆಕ್ಸ್ ವಿಲ್ಸನ್ ಅವರನ್ನು ಗುಂಪು ಒದ್ದು ಬಡಿದದ್ದು ಅಂದೇ. ಪೊಲೀಸರು ಗುಂಪನ್ನು ತಡೆಯಲಾರದೆ ಮಧ್ಯಾಹ್ನದ ಹೊತ್ತಿಗೆ ಮಕ್ಕಳನ್ನು ಹೊರಗೆ ಸಾಗಿಸಿದರು. 24ಕ್ಕೆ ಮೇಯರ್ ವುಡ್ರೋ ಮ್ಯಾನ್ ತಂತಿ ಕಳಿಸಿ ಸೇನೆ ಕೇಳಿದರು. ಐಸೆನ್‌ಹೋವರ್ 10730ನೇ ಕಾರ್ಯನಿರ್ವಾಹಕ ಆದೇಶಕ್ಕೆ ಸಹಿ ಹಾಕಿ, ರಾಜ್ಯದ ಗಾರ್ಡ್ ಪಡೆಯನ್ನು ತಮ್ಮ ಅಧೀನಕ್ಕೆ ತೆಗೆದುಕೊಂಡು, ಕೆಂಟಕಿಯ ಫೋರ್ಟ್ ಕ್ಯಾಂಪ್‌ಬೆಲ್‌ನಿಂದ 101ನ್ನು ಕಳಿಸಿದರು.

ಅಂದರೆ ಮೂರು ವಾರದ ಹಿಂದೆ ಬಾಗಿಲು ಅಡ್ಡಗಟ್ಟಿದ ಅದೇ ಗಾರ್ಡ್ ಪಡೆ ಈಗ ಕಾವಲಿಗೆ ನಿಲ್ಲಬೇಕಾಯಿತು. ಆಜ್ಞೆ ಕೊಡುವವರು ಬದಲಾಗಿದ್ದರು, ಅಷ್ಟೇ. ದೊಡ್ಡ ಮಕ್ಕಳಿಗೆ ಕೇಂದ್ರ ಮತ್ತು ರಾಜ್ಯದ ಅಧಿಕಾರ ಅಂದರೇನು ಎಂದು ಹೇಳಲು ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ಕಂಡಿಲ್ಲ.

ಇದಕ್ಕೆ ಹಿಂದಿನ ಕೊಂಡಿಗಳು ಎರಡು. ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪು ಶಾಲೆಗಳಲ್ಲಿ ಜನಾಂಗೀಯ ಪ್ರತ್ಯೇಕತೆ ಸಂವಿಧಾನಬಾಹಿರ ಎಂದಿತು. 1955ರ ಎರಡನೇ ತೀರ್ಪು ಅದನ್ನು ಜಾರಿ ಮಾಡಲು ಗಡುವು ಹಾಕಲಿಲ್ಲ. ಗಡುವಿಲ್ಲದ ಆ ಆದೇಶವೇ ಮುಂದಿನ ಎಲ್ಲ ಎಳೆದಾಟಕ್ಕೂ ಜಾಗ ಮಾಡಿಕೊಟ್ಟಿತು.

ಹತ್ತಿಗಿಡ

ಊರಿನಲ್ಲಿ ಬೇರೆ ಹೈಸ್ಕೂಲುಗಳೂ ಇದ್ದವು, ಸೆಂಟ್ರಲ್ ಒಂದೇ ಯಾಕೆ? ಇದನ್ನು ಕೇಳದೆ ಬಂದವರೇ ಹೆಚ್ಚು, ಹಾಗಾಗಿ ಬರೆಯುತ್ತಿದ್ದೇನೆ.

ಕಟ್ಟಡದಿಂದಲೇ ಶುರು ಮಾಡಿ. 1927ರಲ್ಲಿ ಸುಮಾರು 15 ಲಕ್ಷ ಡಾಲರ್ ಖರ್ಚು ಮಾಡಿ ಕಟ್ಟಿದ್ದು. ಎರಡು ಬ್ಲಾಕ್ ಉದ್ದ, ಮುಂದೆ ನೀರಿನ ಕೊಳ, ಮುಂಬಾಗಿಲ ಮೇಲೆ ನಾಲ್ಕು ಪ್ರತಿಮೆಗಳು: ಮಹತ್ವಾಕಾಂಕ್ಷೆ, ವ್ಯಕ್ತಿತ್ವ, ಅವಕಾಶ, ಸಿದ್ಧತೆ. ಕೆಳಗಿನ ರಸ್ತೆಯಲ್ಲಿ ನಿಂತು ‘ಅವಕಾಶ’ ಯಾವುದು ಎಂದು ಹುಡುಕಿ ನೋಡಿ. ಇದಾದ ಎರಡು ವರ್ಷಕ್ಕೆ, 1929ರಲ್ಲಿ, ಕಪ್ಪು ವಿದ್ಯಾರ್ಥಿಗಳಿಗೆ ಡನ್‌ಬಾರ್ ಹೈಸ್ಕೂಲ್ ಕಟ್ಟಿದರು. ಅದಕ್ಕೆ ಆದ ಖರ್ಚು ಸುಮಾರು 4 ಲಕ್ಷ, ಅದರಲ್ಲೂ ಒಂದು ಪಾಲು ರೋಸೆನ್‌ವಾಲ್ಡ್ ನಿಧಿಯ ದಾನ. ಬಿಳಿಯರಿಗೂ ಕಪ್ಪು ಜನರಿಗೂ ಶಾಲೆ ಪ್ರತ್ಯೇಕ ಆದರೆ ಸಮಾನ ಎಂಬ ಆ ಕಾಲದ ಮಾತಿನ ಲೆಕ್ಕ ಈ ಎರಡು ಮೊತ್ತಗಳಲ್ಲೇ ಇದೆ. ಡನ್‌ಬಾರ್ ಕಟ್ಟಡ ಇವತ್ತಿಗೂ ನಿಂತಿದೆ, ಸೆಂಟ್ರಲ್‌ಗೆ ದೂರವೇನಿಲ್ಲ. ಎರಡನ್ನೂ ಒಂದೇ ದಿನ ನೋಡಿ.

ಕಪ್ಪು, ಬಿಳಿಯ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಲು ಶಾಲಾ ಅಧೀಕ್ಷಕ ವರ್ಜಿಲ್ ಬ್ಲಾಸಮ್ ರೂಪಿಸಿದ ಯೋಜನೆ 1957ಕ್ಕೆ ಸೆಂಟ್ರಲ್‌ನಿಂದ ಶುರುವಾಗುವಂತಿತ್ತು. ಅದೇ ವರ್ಷ ಊರಿನ ಪಶ್ಚಿಮಕ್ಕೆ, ಅನುಕೂಲಸ್ಥ ಬಿಳಿಯರ ಬಡಾವಣೆಗೆ, ಹಾಲ್ ಹೈಸ್ಕೂಲ್ ಹೊಸದಾಗಿ ತೆರೆಯಿತು. ಅದು ಪೂರ್ತಿ ಬಿಳಿಯರ ಶಾಲೆಯಾಗಿಯೇ ಉಳಿಯಿತು. ಹೀಗೆ ಬದಲಾವಣೆಯ ಭಾರ ಬಿದ್ದದ್ದು ದುಡಿಯುವ ವರ್ಗದ ಬಿಳಿಯರ ಮಕ್ಕಳು ಹೋಗುವ ಶಾಲೆಯ ಮೇಲೆ. ಯೋಜನೆ ಮಾಡಿದವರ ಮಕ್ಕಳ ಶಾಲೆಗೆ ಏನೂ ತಟ್ಟಲಿಲ್ಲ ಎಂಬ ಸಿಟ್ಟನ್ನು ಪ್ರತ್ಯೇಕತಾವಾದಿಗಳು ಚೆನ್ನಾಗಿಯೇ ಬಳಸಿಕೊಂಡರು. ಇದು ದ್ವೇಷಕ್ಕೆ ಸಮರ್ಥನೆಯಲ್ಲ. ಆದರೆ ಗುಂಪು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ.

ಸಂಪಿಗೆಮರ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ವಂದನೆ. ಹಾಗಾದರೆ 25ಕ್ಕೆ ಸೇನೆ ಬಂದು ಮಕ್ಕಳು ಒಳಗೆ ಹೋದರು, ಅಲ್ಲಿಗೆ ಮುಗಿಯಿತು ಎಂದು ಮಕ್ಕಳಿಗೆ ಹೇಳಬಹುದಲ್ಲ?

ನೀಲಿಶಾಯಿ

ದಯವಿಟ್ಟು ಹಾಗೆ ಹೇಳಬೇಡಿ. ಈ ತಾಣಕ್ಕೆ ಹೋಗಿಬಂದವರು ಮಾಡಿಕೊಳ್ಳುವ ಅತಿ ದೊಡ್ಡ ತಪ್ಪು ತಿಳಿವಳಿಕೆ ಅದು. ಮೆಟ್ಟಿಲಿನ ಚಿತ್ರಕ್ಕೆ ಕಥೆ ನಿಲ್ಲಿಸಿದರೆ ಸೈನಿಕರು ನಾಯಕರಾಗುತ್ತಾರೆ, ಆ ಒಂಬತ್ತು ಮಕ್ಕಳು ಕಾವಲಿನಲ್ಲಿ ಸಾಗಿಸಿದ ಸಾಮಾನಿನಂತೆ ಕಾಣುತ್ತಾರೆ. ನಿಜವಾದ ಕಷ್ಟ ಒಳಗೆ ಹೋದ ಮೇಲೆ ಶುರುವಾಯಿತು.

ಸುಮಾರು 2000 ಬಿಳಿಯ ವಿದ್ಯಾರ್ಥಿಗಳ ನಡುವೆ ಒಂಬತ್ತು ಜನ. ಒಬ್ಬೊಬ್ಬರಿಗೆ ಒಬ್ಬೊಬ್ಬ ಸೈನಿಕ ಕಾವಲು. ಆದರೆ ಸೈನಿಕರು ತರಗತಿಯ ಒಳಗೆ, ಶೌಚಾಲಯಕ್ಕೆ, ವ್ಯಾಯಾಮದ ಬಟ್ಟೆ ಬದಲಾಯಿಸುವ ಕೋಣೆಗೆ ಬರುವಂತಿರಲಿಲ್ಲ. ಕಿರುಕುಳ ನಡೆದದ್ದೆಲ್ಲ ಹೆಚ್ಚಾಗಿ ಅಂಥ ಜಾಗಗಳಲ್ಲೇ. ಮೆಲ್ಬಾ ಪಟಿಲ್ಲೋ ಅವರ ಕಣ್ಣಿಗೆ ಆಮ್ಲ ಎರಚಿದರು. ಕ್ರೀಡೆ, ಬ್ಯಾಂಡ್, ಸಂಘಗಳು ಯಾವುದಕ್ಕೂ ಇವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ನವೆಂಬರ್ ಕೊನೆಗೆ 101 ಹಿಂತಿರುಗಿತು. ಉಳಿದ ವರ್ಷವೆಲ್ಲ ಕೇಂದ್ರದ ಅಧೀನದಲ್ಲಿದ್ದ ಗಾರ್ಡ್ ಪಡೆಯೇ ಕಾವಲು, ಅವರ ಕಾವಲು ಸಡಿಲ.

ಡಿಸೆಂಬರ್‌ನಲ್ಲಿ ಊಟದ ಹಾಲಿನಲ್ಲಿ ಹುಡುಗರು ಕುರ್ಚಿ ಅಡ್ಡ ತಳ್ಳುತ್ತಿದ್ದಾಗ ಮಿನಿಜೀನ್ ಬ್ರೌನ್ ಕೈಯಲ್ಲಿದ್ದ ಚಿಲ್ಲಿ ಎಂಬ ಸಾರಿನ ಬಟ್ಟಲು ಅವರ ಮೇಲೆ ಬಿತ್ತು. ಆಕೆಯನ್ನು ಅಮಾನತು ಮಾಡಿದರು, 1958ರ ಫೆಬ್ರವರಿಯಲ್ಲಿ ಶಾಲೆಯಿಂದಲೇ ಹೊರಹಾಕಿದರು. “ಒಬ್ಬಳು ಹೋದಳು, ಇನ್ನು ಎಂಟು ಬಾಕಿ” ಎಂದು ಚೀಟಿ ಅಚ್ಚು ಹಾಕಿಸಿ ಹಂಚಿದರು. ಆಕೆ ನ್ಯೂಯಾರ್ಕ್‌ನ ನ್ಯೂ ಲಿಂಕನ್ ಶಾಲೆಗೆ ಹೋಗಿ ಓದು ಮುಂದುವರಿಸಿದರು. ಉಳಿದ ಎಂಟು ಜನ ವರ್ಷ ಮುಗಿಸಿದರು. 1958ರ ಮೇ ತಿಂಗಳಲ್ಲಿ ಅರ್ನೆಸ್ಟ್ ಗ್ರೀನ್ ಸೆಂಟ್ರಲ್‌ನಿಂದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿಯಾದರು. ಪ್ರೇಕ್ಷಕರ ನಡುವೆ ಮಾರ್ಟಿನ್ ಲೂಥರ್ ಕಿಂಗ್ ಕುಳಿತಿದ್ದರು.

ಒಂಬತ್ತು ಹೆಸರುಗಳನ್ನೂ ಮಕ್ಕಳಿಂದ ಬರೆಸಿಕೊಂಡು ಹೋಗಿ: ಅರ್ನೆಸ್ಟ್ ಗ್ರೀನ್, ಎಲಿಜಬೆತ್ ಎಕ್‌ಫರ್ಡ್, ಜೆಫರ್ಸನ್ ಥಾಮಸ್, ಟೆರೆನ್ಸ್ ರಾಬರ್ಟ್ಸ್, ಕಾರ್ಲೊಟಾ ವಾಲ್ಸ್, ಮಿನಿಜೀನ್ ಬ್ರೌನ್, ಗ್ಲೋರಿಯಾ ರೇ, ಥೆಲ್ಮಾ ಮದರ್‌ಶೆಡ್, ಮೆಲ್ಬಾ ಪಟಿಲ್ಲೋ. ಸ್ಮಾರಕ ಉದ್ಯಾನದಲ್ಲಿ ಒಂಬತ್ತು ಮರ, ಒಂಬತ್ತು ಬೆಂಚು ಇವೆ. ಹೆಸರು ಗೊತ್ತಿಲ್ಲದೆ ಹೋದರೆ ಅದು ಬರೀ ಪಾರ್ಕ್.

ಕಟಕಟೆ

ಇದರ ಮುಂದಿನ ವರ್ಷವನ್ನೂ ಸೇರಿಸಬೇಕು. ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವುದನ್ನು ಎರಡೂವರೆ ವರ್ಷ ಮುಂದಕ್ಕೆ ಹಾಕಿ ಎಂದು ಶಾಲಾ ಮಂಡಳಿ ಕೇಳಿತ್ತು. ಸುಪ್ರೀಂ ಕೋರ್ಟ್ 1958ರ ಸೆಪ್ಟೆಂಬರ್ 12ರಂದು ಒಪ್ಪಲಿಲ್ಲ. ಕೂಪರ್ ವಿರುದ್ಧ ಆರನ್ ಪ್ರಕರಣದ ಆ ತೀರ್ಪಿಗೆ ಒಂಬತ್ತೂ ನ್ಯಾಯಮೂರ್ತಿಗಳು ಬೇರೆ ಬೇರೆಯಾಗಿ ಹೆಸರು ಹಾಕಿದ್ದಾರೆ. ಸುಪ್ರೀಂ ಕೋರ್ಟ್ ಸಂವಿಧಾನಕ್ಕೆ ಕೊಟ್ಟ ಅರ್ಥಕ್ಕೆ ರಾಜ್ಯಗಳು ಬದ್ಧ ಎಂಬುದು ಅದರ ತಿರುಳು. ಕಪ್ಪು ವಿದ್ಯಾರ್ಥಿಗಳ ಪರ ವಾದಿಸಿದವರು ಥರ್ಗುಡ್ ಮಾರ್ಷಲ್.

ಫಾಬಸ್ ಇದಕ್ಕೆ ಪ್ರತಿಯಾಗಿ ಊರಿನ ನಾಲ್ಕೂ ಹೈಸ್ಕೂಲುಗಳನ್ನು ಮುಚ್ಚಿಸಿದರು. ಸೆಂಟ್ರಲ್, ಹಾಲ್, ಟೆಕ್ನಿಕಲ್, ಕಪ್ಪು ವಿದ್ಯಾರ್ಥಿಗಳ ಹೊರೇಸ್ ಮ್ಯಾನ್, ಎಲ್ಲವೂ. 3,665 ವಿದ್ಯಾರ್ಥಿಗಳಿಗೆ ಒಂದಿಡೀ ವರ್ಷ ಸರ್ಕಾರಿ ಶಾಲೆ ಇಲ್ಲ. ಶಿಕ್ಷಕರು ಕರಾರಿನಂತೆ ದಿನವೂ ಬಂದು ಖಾಲಿ ಕೋಣೆಯಲ್ಲಿ ಕೂರುತ್ತಿದ್ದರು. ಬಿಳಿಯರ ಮಕ್ಕಳಲ್ಲಿ ಬಹಳಷ್ಟು ಜನ ಖಾಸಗಿ ಶಾಲೆ ಅಥವಾ ಪಕ್ಕದ ಊರು ಹಿಡಿದರು. ಕಪ್ಪು ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಆ ವರ್ಷ ಓದೇ ಇಲ್ಲ. ಇದನ್ನು ‘ಕಳೆದುಹೋದ ವರ್ಷ’ ಎನ್ನುತ್ತಾರೆ.

ಬಾಗಿಲು ತೆರೆಸಿದ್ದರಲ್ಲಿ ಊರಿನ ಮಹಿಳೆಯರ ಪಾಲು ದೊಡ್ಡದು. ಅಡಾಲ್ಫಿನ್ ಫ್ಲೆಚರ್ ಟೆರ್ರಿ ಮತ್ತು ಜೊತೆಗಾರ್ತಿಯರು ಸಮಿತಿ ಕಟ್ಟಿ ಮನೆಮನೆಗೆ ಹೋದರು. 1959ರ ಮೇ 5ರಂದು ಮಂಡಳಿಯ ಪ್ರತ್ಯೇಕತಾವಾದಿ ಸದಸ್ಯರು 44 ಶಿಕ್ಷಕರು ಮತ್ತು ಆಡಳಿತದವರನ್ನು ತೆಗೆದುಹಾಕಲು ಹೊರಟರು. ಊರು ಸಿಟ್ಟಿಗೆದ್ದು ಅದೇ ತಿಂಗಳು ಮತ ಹಾಕಿ ಆ ಸದಸ್ಯರನ್ನೇ ಇಳಿಸಿತು. ಆಗಸ್ಟ್‌ನಲ್ಲಿ ಶಾಲೆಗಳು ತೆರೆದವು. ಕಾರ್ಲೊಟಾ ವಾಲ್ಸ್ ಮತ್ತು ಜೆಫರ್ಸನ್ ಥಾಮಸ್ ಸೆಂಟ್ರಲ್‌ಗೆ ಮರಳಿ 1960ರಲ್ಲಿ ಪದವಿ ಪಡೆದರು. ಅದಕ್ಕೆ ಕೆಲವೇ ತಿಂಗಳ ಮುಂಚೆ, ಫೆಬ್ರವರಿಯಲ್ಲಿ, ಕಾರ್ಲೊಟಾ ಮನೆಗೆ ಬಾಂಬ್ ಇಟ್ಟಿದ್ದರು. ಈ ಹುಡುಗಿಯ ಹಟದ ಬಗ್ಗೆ ನಮ್ಮ ಮಕ್ಕಳಿಗೆ ಎಷ್ಟು ಹೇಳಿದರೂ ಕಡಿಮೆ.

ಕಾಗೋಡುಕಡೆ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. ಪ್ರತ್ಯೇಕತೆಯ ವಿರುದ್ಧದ ಈ ಹೋರಾಟಕ್ಕೆ ಕನ್ನಡಿಗರು ಬಲ್ಲ ಒಬ್ಬರ ಹೆಸರೂ ತಗಲಿಕೊಂಡಿದೆ. 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ, 1964ರ ಮೇ ಕೊನೆಯಲ್ಲಿ ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ಬಿಳಿಯರಿಗೆ ಮಾತ್ರ ಎಂದಿದ್ದ ಒಂದು ಕೆಫೆಟೇರಿಯಾಗೆ ಧೋತಿ ಉಟ್ಟು ಹೋದರು, ಹೊರಗೆ ಹೋಗಿ ಎಂದರೆ ಒಪ್ಪಲಿಲ್ಲ, ಪೊಲೀಸರು ಹಿಡಿದೊಯ್ದರು. ಅಮೆರಿಕದ ವಿದೇಶಾಂಗ ಇಲಾಖೆ ವಿಷಾದ ಸೂಚಿಸಿತು. ಹೋಟೆಲು, ಅಂಗಡಿಗಳಲ್ಲಿ ಪ್ರತ್ಯೇಕತೆಯನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು ಅದೇ ವರ್ಷದ ಜುಲೈ 2ರಂದು. ಶಿವಮೊಗ್ಗ ಕಡೆಯ ಅಜ್ಜ ಅಜ್ಜಿ ಇರುವ ಮಕ್ಕಳಿಗೆ ಈ ಎರಡು ಘಟನೆ ಒಟ್ಟಿಗೆ ಹೇಳಿ, ಬೇಗ ಹಿಡಿಸುತ್ತದೆ.

ಮಡಿಲು

ಚಿಕ್ಕ ಮಕ್ಕಳ ಬಗ್ಗೆ. ಸೆಂಟರ್‌ನ ದೃಶ್ಯಗಳಲ್ಲಿ ಗುಂಪಿನ ಬೈಗುಳ ಇದ್ದ ಹಾಗೇ ಕೇಳಿಸುತ್ತದೆ, ಹೊಡೆತದ ದೃಶ್ಯವೂ ಇದೆ. 9 ವರ್ಷದವರಿಗೆ ಮೊದಲೇ ಹೇಳಿಟ್ಟುಕೊಳ್ಳಿ: ಅಲ್ಲಿ ಒಂದು ಕೆಟ್ಟ ಪದ ಕೇಳಿಸುತ್ತದೆ, ಯಾರನ್ನೂ ಹಾಗೆ ಕರೆಯಬಾರದು, ಅರ್ಥ ಬೇಕಾದರೆ ನಮ್ಮನ್ನು ಕೇಳು. ಹೇಳದೆ ಕರೆದೊಯ್ದರೆ ಮಗು ಆ ಪದವನ್ನು ಸೆಂಟರ್ ನಡುವೆ ನಿಂತು ಗಟ್ಟಿಯಾಗಿ ಕೇಳುತ್ತದೆ, ಪಕ್ಕದಲ್ಲಿ ನಿಂತವರಿಗೆ ನೋವಾಗುತ್ತದೆ.

ಮಕ್ಕಳು ನೋಡುತ್ತಾ ಉತ್ತರ ತುಂಬುವ ಜೂನಿಯರ್ ರೇಂಜರ್ ಪುಸ್ತಕವನ್ನು ಒಳಗೆ ಹೋಗುವಾಗಲೇ ಕೇಳಿ ತೆಗೆದುಕೊಳ್ಳಿ. ಕೊನೆಯಲ್ಲಿ ಕೇಳಿದರೆ ಉತ್ತರಕ್ಕಾಗಿ ಮತ್ತೆ ಮೊದಲಿನಿಂದ ಸುತ್ತಬೇಕಾಗುತ್ತದೆ. ಬಿಸಿಲುಗಾಲದಲ್ಲಿ ಹೋಗುವವರು ನಡಿಗೆಯನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನ ಒಳಗಿನ ಪ್ರದರ್ಶನ ನೋಡಿ.

ಹತ್ತಿಗಿಡ

ಅದೇ ದಿನಕ್ಕೆ ಹೊಂದುವ ಜಾಗಗಳು. ಪಶ್ಚಿಮ 28ನೇ ಸ್ಟ್ರೀಟ್‌ನಲ್ಲಿ ಡೇಸಿ ಬೇಟ್ಸ್ ಮನೆ. ಒಂಬತ್ತು ಮಕ್ಕಳೂ ಶಾಲೆಗೆ ಮುಂಚೆ, ಶಾಲೆ ಬಿಟ್ಟ ಮೇಲೆ ಸೇರುತ್ತಿದ್ದದ್ದು ಇಲ್ಲೇ. 1957ರ ಆಗಸ್ಟ್‌ನಲ್ಲಿ ಇದರ ದೊಡ್ಡ ಕಿಟಕಿಯಿಂದ ಕಲ್ಲು ತೂರಿಬಂತು, ಮುಂದಿನ ಸಲ ಡೈನಮೈಟ್ ಎಂಬ ಚೀಟಿಯೊಂದಿಗೆ. ಜಾಹೀರಾತು ನಿಂತುಹೋಗಿ ಅವರ ‘ಸ್ಟೇಟ್ ಪ್ರೆಸ್’ ಪತ್ರಿಕೆ 1959ರಲ್ಲಿ ಮುಚ್ಚಿತು. ಹೊರಗಿನಿಂದ ನೋಡಿ ಬರುವ ಲೆಕ್ಕವಿಟ್ಟುಕೊಳ್ಳಿ, ಸುತ್ತ ಜನ ವಾಸವಿರುವ ಮನೆಗಳು.

ರಾಜ್ಯ ವಿಧಾನಸೌಧದ ಆವರಣದಲ್ಲಿ ಒಂಬತ್ತು ಜನರ ಕಂಚಿನ ಪ್ರತಿಮೆಗಳಿವೆ, 2005ರಲ್ಲಿ ಇಟ್ಟದ್ದು. ಗವರ್ನರ್ ಕಚೇರಿ ಇರುವ ಕಟ್ಟಡದ ಕಡೆಗೇ ಅವರು ಹೆಜ್ಜೆ ಹಾಕುತ್ತಿರುವಂತೆ ನಿಲ್ಲಿಸಿದ್ದಾರೆ. 9ನೇ ಸ್ಟ್ರೀಟ್ ಮತ್ತು ಬ್ರಾಡ್‌ವೇ ಮೂಲೆಯ ಮೊಸಾಯಿಕ್ ಟೆಂಪ್ಲರ್ಸ್ ಕೇಂದ್ರದಲ್ಲಿ ಕಪ್ಪು ಜನರ ವ್ಯಾಪಾರ ಬೀದಿಯ ಚರಿತ್ರೆ ಸಿಗುತ್ತದೆ. ಎರಡನೇ ದಿನ ಇದ್ದರೆ ಐ-40 ಹಿಡಿದು ಸುಮಾರು 135 ಮೈಲಿ ಪೂರ್ವಕ್ಕೆ ಮೆಂಫಿಸ್. ಅಲ್ಲಿ ಕಿಂಗ್ ಅವರ ಹತ್ಯೆ ನಡೆದ ಲೊರೇನ್ ಮೋಟೆಲ್ ಈಗ ಮ್ಯೂಸಿಯಂ. ಅದಕ್ಕೆ ಟಿಕೆಟ್ ಇದೆ, ಅರ್ಧ ದಿನ ಬೇಕು. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ, ಮಕ್ಕಳಿಗೆ ಎರಡೂ ದಕ್ಕುವುದಿಲ್ಲ.

ಸಂಪಿಗೆಮರ

ಎಲ್ಲರೊಂದಿಗೆ ಮಾತಾಡಿದೆ. ನವೆಂಬರ್ ಬಿಟ್ಟು, ನಮ್ಮ ಮಕ್ಕಳಿಗೆ ರಜೆ ಇದ್ದು ಅಲ್ಲಿ ಶಾಲೆ ನಡೆಯುತ್ತಿರುವ ವಾರದ ದಿನ ಹುಡುಕುತ್ತಿದ್ದೇವೆ. ವಸಂತದ ರಜೆ ಎರಡು ರಾಜ್ಯಗಳಲ್ಲಿ ಬೇರೆ ಬೇರೆ ವಾರ ಬಂದರೆ ಅದೇ ಸರಿ. ಗುಂಪಿನ ಸಂಖ್ಯೆ, ಮಕ್ಕಳ ವಯಸ್ಸು ಬರೆದು ಒಳಗಿನ ಪ್ರವಾಸಕ್ಕೆ ಈ ವಾರವೇ ಕೇಳುತ್ತೇವೆ.

ಕೂಡುರಸ್ತೆ

ಒಳ್ಳೆಯದು. ಕೇಳುವಾಗ ಎರಡು ತಾರೀಕು ಕೊಡಿ. ಪರೀಕ್ಷೆಯೋ ಕಾರ್ಯಕ್ರಮವೋ ಇದ್ದರೆ ಶಾಲೆಯ ಒಳಗೆ ಬಿಡುವುದಿಲ್ಲ, ಆಗ ಎರಡನೆಯದು ಕೈಯಲ್ಲಿರುತ್ತದೆ. ಬೆಳಿಗ್ಗೆ ಶಾಲೆಯ ಗಲಾಟೆ ಅಡಗಿದ ಮೇಲಿನ ಹೊತ್ತನ್ನೇ ಕೇಳಿ. ಡಲ್ಲಾಸ್‌ನಿಂದ ಐ-30ರಲ್ಲಿ ಸುಮಾರು 320 ಮೈಲಿ, ಹಾಗಾಗಿ ಹಿಂದಿನ ರಾತ್ರಿಯೇ ಲಿಟಲ್ ರಾಕ್‌ನಲ್ಲಿ ತಂಗಿ.